ಗೋಡು ಹೇರುವ ಮೊದಲು ಅದು ಎಲ್ಲಿಯದೆಂದು ಕೇಳಿ

ಬೇಸಿಗೆಯಲ್ಲಿ ಕೆರೆ ಬತ್ತಿದೊಡನೆ ಜಾವಗಲ್ ಹೋಬಳಿಯಲ್ಲಿ ಗೋಡು ಹೇರುವ ಕೆಲಸ ಮೊದಲಾಗುತ್ತದೆ. ತೆಂಗಿನ ಬುಡಕ್ಕೂ ರಾಗಿ ಹೊಲಕ್ಕೂ ಗೋಡು ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದೆ ಎತ್ತಿನ ಗಾಡಿಯಲ್ಲಿ ಊರ ಕೆರೆಯ ಗೋಡು ಬರುತ್ತಿತ್ತು. ಈಗ ಟ್ರ್ಯಾಕ್ಟರಿನವರು ದೂರದಿಂದಲೂ ತಂದು ಸುರಿಯುತ್ತಾರೆ. ಅದು ಯಾವ ಕೆರೆಯದು, ಆ ಕೆರೆಗೆ ನೀರು ಎಲ್ಲಿಂದ ಹರಿದು ಬರುತ್ತದೆ ಎಂದು ಕೇಳುವವರು ಕಡಿಮೆ.

ಕೇಳಲು ಕಾರಣವಿದೆ. ನಮ್ಮ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿ ಹಿಂದೆ ತಾಮ್ರದ ಗಣಿಯಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಡೆಯ ಬೈರಾಪುರ, ತಗಡೂರುಗಳು ಕ್ರೋಮೈಟ್ ಅದಿರಿಗೆ ಹೆಸರಾದವು. ಗಣಿ ನಿಂತರೂ ಹೊರಗೆ ಸುರಿದ ಕಲ್ಲುಪುಡಿಯ ಗುಡ್ಡೆ ಉಳಿಯುತ್ತದೆ. ಮಳೆ ಬಿದ್ದಾಗಲೆಲ್ಲ ಅದರ ಸಣ್ಣ ಪುಡಿ ಹಳ್ಳಕ್ಕಿಳಿದು ಕೆರೆಯ ತಳದಲ್ಲಿ ಕೂರುತ್ತದೆ. ಆ ಸೀಮೆಯ ಕೆರೆಗಳೆಲ್ಲ ಕೆಟ್ಟಿವೆ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯಿಲ್ಲದೆ ಒಳ್ಳೆಯವೆಂದೂ ಹೇಳಲಾರೆ. ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಗಣಿಯ ಹೂಳು ಭದ್ರಾ ನದಿಗೆ ಸೇರುತ್ತದೆಂಬುದೇ ಅಲ್ಲಿ ಎದ್ದಿದ್ದ ದೊಡ್ಡ ದೂರು.

ನೀರು ತಿಳಿಯಾಗಿದ್ದ ಮಾತ್ರಕ್ಕೆ ತಳದ ಮಣ್ಣು ಶುದ್ಧವೆಂದು ತಿಳಿಯಬಾರದು. ಲೋಹ ಹೆಚ್ಚಾಗಿ ಹೂಳಿಗೇ ಅಂಟಿಕೊಂಡಿರುತ್ತದೆ. ಗೊಬ್ಬರದಂತೆ ಅದು ಕೊಳೆಯುವುದಿಲ್ಲ; ಒಮ್ಮೆ ಹೊಲಕ್ಕೆ ಬಿದ್ದರೆ ಮಕ್ಕಳ ಕಾಲಕ್ಕೂ ಅಲ್ಲೇ.

ತಾಮ್ರದ ಅದಿರಿನಲ್ಲಿ ಗಂಧಕವಿರುತ್ತದೆ. ಗಾಳಿ, ನೀರು ತಾಗಿದರೆ ಅದು ಗಂಧಕಾಮ್ಲವಾಗಿ ತಾಮ್ರವನ್ನು ಕರಗಿಸುತ್ತದೆ. ಹಳ್ಳದ ಕಲ್ಲಿನ ಮೇಲೆ ಹಸಿರು-ನೀಲಿ ಪೊರೆ ಕಂಡರೆ ಅದು ನಿಮ್ಮ ಮೈಲುತುತ್ತದ ನೆಂಟನೆಂದೇ ತಿಳಿಯಿರಿ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದ್ದಿದ ಕುಡುಗೋಲು ಕೆಂಪಾಗುವುದನ್ನು ನೀವೇ ನೋಡಿದ್ದೀರಿ. ಹುಳಿ ಮಣ್ಣಿನಲ್ಲೂ ಹಾಗೆಯೇ: ಸುಣ್ಣ ಹಾಕಿದರೆ ತಾಮ್ರ ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ.

ಕ್ರೋಮಿಯಂಗೆ ಈ ಮದ್ದು ನಡೆಯದು. ಅದಿರಿನಲ್ಲಿರುವ ಕ್ರೋಮಿಯಂ ಸುಲಭವಾಗಿ ಕರಗುವುದಿಲ್ಲ. ಆದರೆ ಅದರ ಒಂದು ಭಾಗ ಗಾಳಿ ಮತ್ತು ಮಣ್ಣಿನ ಮ್ಯಾಂಗನೀಸಿನ ಸಂಗದಲ್ಲಿ ಕರಗುವ ವಿಷರೂಪಕ್ಕೆ ತಿರುಗುತ್ತದೆ. ಒಡಿಶಾದ ಸುಕಿಂದದ ಗಣಿಗಳ ಕೆಳಗೆ ಆಗಿರುವುದು ಇದೇ. ಇದಕ್ಕೆ ಸುಣ್ಣ ಹಾಕಕೂಡದು, ವಿಷರೂಪದ ಓಡಾಟ ಹೆಚ್ಚಾದೀತು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹೆಚ್ಚಾಗಿ ಕೊಟ್ಟರೆ ವಿಷರೂಪ ಹಿಂದಿನ ರೂಪಕ್ಕೆ ಮರಳುತ್ತದೆ. ಆದ್ದರಿಂದ ಯಾವ ಲೋಹವೆಂದು ತಿಳಿಯದೆ ಚಿಕಿತ್ಸೆಗಿಳಿಯಬೇಡಿ.

ಮಣ್ಣು ಆರೋಗ್ಯ ಚೀಟಿ ಇದೆಯಲ್ಲ ಎನ್ನಬಹುದು. ಅದರಲ್ಲಿ 12 ಅಂಶಗಳಿವೆ, ತಾಮ್ರವೂ ಇದೆ. ಆದರೆ ಅದು ಪೈರಿಗೆ ಸಾಲುತ್ತದೆಯೇ ಎಂದು ನೋಡಲು ಇರುವಂಥದು. ಕ್ರೋಮಿಯಂ, ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಅದರಲ್ಲಿಲ್ಲ. ಇವನ್ನು ಬೇರೆಯಾಗಿ ಕೇಳಿ ಬರೆಸಬೇಕು. ಯಾವ ಪ್ರಯೋಗಾಲಯಕ್ಕೆ ಕಳಿಸಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಮೊದಲೇ ವಿಚಾರಿಸಿ. ನಾಲ್ಕು ಮನೆಯವರು ಒಂದೇ ಕೆರೆಯ ಗೋಡು ಹೊಡೆಸುವುದಾದರೆ ಖರ್ಚು ಹಂಚಿಕೊಳ್ಳಬಹುದು.

ಕೆರೆಯ ಐದಾರು ಕಡೆ, ತೂಬಿನ ಬಳಿಯೂ ಹಳ್ಳ ಸೇರುವ ಬಾಯಲ್ಲೂ, ಮರದ ಅಥವಾ ಪ್ಲಾಸ್ಟಿಕ್ ಸಲಿಕೆಯಿಂದ ಮಣ್ಣು ತೆಗೆದು ಬೆರೆಸಿ ಅರ್ಧ ಕಿಲೋ ಕಳಿಸಿ. ಹಿತ್ತಾಳೆ, ತಾಮ್ರದ ಪಾತ್ರೆ ಬೇಡ. ನೀರನ್ನಾದರೆ ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ನೀರಾವರಿಗೆ ತಾಮ್ರ 0.2, ಕ್ರೋಮಿಯಂ 0.1 ಮಿಲಿಗ್ರಾಂ ಮಿತಿ. ಕಾಯಿಸಿದರೆ ಲೋಹ ಹೋಗುವುದಿಲ್ಲ. ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ.

ಅನುಮಾನವಿರುವ ಹೊಲದಲ್ಲಿ, ವರದಿ ಬರುವವರೆಗೆ ಸೊಪ್ಪು, ಗೆಡ್ಡೆ ಬೆಳೆಯಬೇಡಿ.

ಕುರಿ ಸಾಕುವವರಿಗೆ ಒಂದು ಮಾತು. ತಾಮ್ರದ ವಿಷ ದನಕ್ಕಿಂತ ಕುರಿಗೆ ಬೇಗ ತಟ್ಟುತ್ತದೆ. ಅದು ತಿಂಗಳುಗಟ್ಟಲೆ ಪಿತ್ತಜನಕಾಂಗದಲ್ಲಿ ಸೇರುತ್ತಿದ್ದರೂ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಒಮ್ಮೆಲೇ ಕಣ್ಣು ಹಳದಿಯಾಗಿ, ಮೂತ್ರ ಕೆಂಪಾಗಿ ಕುರಿ ಬೀಳುತ್ತದೆ. ಹೀಗಾದರೆ ಪಶುವೈದ್ಯರಿಗೆ ತೋರಿಸಿ, ಮಂದೆ ಎಲ್ಲಿ ಮೇದಿತು, ಯಾವ ಹಳ್ಳದ ನೀರು ಕುಡಿಯಿತು ಎಂಬುದನ್ನೂ ತಪ್ಪದೆ ತಿಳಿಸಿ.