ಕುಲುಮೆಯ ಗಾಳಿಯಲ್ಲ, ದಾರದೊಳಗಿನ ಸಾರಜನಕ

‘ಇಂಗಾಲಕ್ಕೆ ಸಾರಜನಕ ಸೇರಿಸಬೇಕಾದರೆ, ಸಾರಜನಕ ತುಂಬಿದ ಕುಲುಮೆಯಲ್ಲಿ ಇದ್ದಿಲನ್ನು ಕಾಯಿಸಿದರೆ ಸಾಲದೆ? ಪಾಲಿಮರ್ ಯಾಕೆ ಬೇಕು?’ ರಸಾಯನಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು.

ಸಾಲದು. ಸಂಶೋಧನಾ ಪ್ರಬಂಧಗಳಲ್ಲಿ ‘ಸಾರಜನಕದ ವಾತಾವರಣದಲ್ಲಿ 900 ಡಿಗ್ರಿಗೆ ಕಾಯಿಸಲಾಯಿತು’ ಎಂಬ ಸಾಲು ಓದಿದ ಅನೇಕರು ಎಡವುವುದು ಇಲ್ಲೇ. ಆ ಅನಿಲ ಕುಲುಮೆಯಲ್ಲಿರುವುದು ಆಮ್ಲಜನಕ ಒಳನುಗ್ಗಿ ಎಲ್ಲವನ್ನೂ ಸುಟ್ಟುಹಾಕದಿರಲಿ ಎಂದು ಮಾತ್ರ. ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ತ್ರಿಬಂಧದಿಂದ ಕಚ್ಚಿಕೊಂಡಿವೆ. ಒಂದು ಮೋಲ್‌ನಷ್ಟು ಬಂಧ ಮುರಿಯಲು ಸುಮಾರು 945 ಕಿಲೋಜೂಲ್ ಶಕ್ತಿ ಬೇಕು. 900 ಡಿಗ್ರಿಗೆಲ್ಲ ಅದು ಜಗ್ಗುವುದಿಲ್ಲ. ಬೇಕಾದ ಸಾರಜನಕ ಕುಲುಮೆಗೆ ಹೋಗುವ ಮೊದಲೇ ಇಂಗಾಲದ ಜೊತೆ ಬಂಧ ಬೆಳೆಸಿರಬೇಕು. ಅಮೋನಿಯಾ ಹಾಯಿಸುವ ದಾರಿಯೂ ಇದೆ, ಆದರೆ ಪಾಲಿಮರ್‌ನ ದಾರಿಯೇ ಸೊಗಸು.

ಪಾಲಿಅಕ್ರಿಲೊನೈಟ್ರೈಲ್ ಎಂಬ ಉದ್ದ ಹೆಸರಿಗೆ ಹೆದರಬೇಡಿ. ಅಕ್ರಿಲಿಕ್ ಸ್ವೆಟರಿನ ನೂಲು ಬಹುಪಾಲು ಅದೇ. ತೂಕದಲ್ಲಿ ಶೇ. 26ರಷ್ಟು ಸಾರಜನಕ! ಇಂಗಾಲದ ಉದ್ದ ಸರಪಳಿ, ಒಂದು ಬಿಟ್ಟು ಒಂದು ಕೊಂಡಿಗೆ ಇಂಗಾಲ-ಸಾರಜನಕದ ಪುಟ್ಟ ಜೋಡಿ. ಅದನ್ನು ಗಾಳಿಯಲ್ಲಿ 200ರಿಂದ 300 ಡಿಗ್ರಿವರೆಗೆ ನಿಧಾನವಾಗಿ ಕಾಯಿಸಿದಾಗ ನಡೆಯುವುದೇ ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ. ಒಂದು ಜೋಡಿಯ ತ್ರಿಬಂಧ ಬಿಚ್ಚಿ ಪಕ್ಕದ ಜೋಡಿಯನ್ನು ಹಿಡಿಯುತ್ತದೆ, ಅದು ಅದರ ಪಕ್ಕದ್ದನ್ನು. ನೋಡನೋಡುತ್ತ ಒಂಟಿ ಸರಪಳಿ ಏಣಿಯಾಗುತ್ತದೆ. ಆರು ಪರಮಾಣುಗಳ ಉಂಗುರಗಳು ಸಾಲಾಗಿ ಹೆಣೆದುಕೊಂಡು, ಪ್ರತಿ ಉಂಗುರದಲ್ಲೂ ಸಾರಜನಕ ಭದ್ರವಾಗಿ ಕೂರುತ್ತದೆ. ಹೊರಗೆ ನಮಗೆ ಕಾಣುವುದು ಬಣ್ಣ ಮಾತ್ರ: ಬಿಳಿ ನೂಲು ಹಳದಿಯಾಗಿ, ಕಂದಾಗಿ, ಕಡೆಗೆ ಕಪ್ಪಾಗುತ್ತದೆ. ‘ಆರ್ಲಾನ್’ ಎಂಬ ಅಕ್ರಿಲಿಕ್ ನೂಲು ಹೀಗೆ ಕಪ್ಪಾದ ಮೇಲೆ ಜ್ವಾಲೆಗೆ ಹಿಡಿದರೂ ಹೊತ್ತಿಕೊಳ್ಳುವುದಿಲ್ಲ ಎಂಬುದು 1950ರಲ್ಲೇ ವರದಿಯಾಗಿತ್ತು. ಅವಸರಪಟ್ಟರೆ ಮಾತ್ರ ಕೆಲಸ ಕೆಟ್ಟಿತು. ಏಣಿ ಕಟ್ಟುವಾಗ ಒಳಗಿನಿಂದಲೇ ಶಾಖ ಹೊಮ್ಮುತ್ತದೆ, ನೂಲು ಕರಗಿ ಅಥವಾ ಉರಿದು ಹೋಗುತ್ತದೆ. (ಹಳೆಯ ಸ್ವೆಟರನ್ನು ಒಲೆಗೆ ಹಿಡಿದು ಪರೀಕ್ಷಿಸಬೇಡಿ. ಹೊರಬರುವ ಹೈಡ್ರೋಜನ್ ಸಯನೈಡ್ ಮಾರಕ ವಿಷ.)

ಆಮೇಲಷ್ಟೇ ಆ 900 ಡಿಗ್ರಿಯ ಕುಲುಮೆ. ಅಲ್ಲಿ ಹಗ್ಗಜಗ್ಗಾಟ. ಏಣಿಗಳು ಒಂದಕ್ಕೊಂದು ಬೆಸೆದು ಇಂಗಾಲದ ಹಾಳೆಗಳಾಗುತ್ತವೆ. ಬಿಸಿ ಏರಿದಷ್ಟೂ ಆ ಹಾಳೆಗಳು ಅಚ್ಚುಕಟ್ಟಾಗಿ ಜೋಡಿಸಿಕೊಂಡು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತವೆ, ಆದರೆ ಸಾರಜನಕ ಅನಿಲವಾಗಿ ಸೋರಿಹೋಗುತ್ತದೆ. ಒಸಾಕಾದ ಅಕಿಯೊ ಶಿಂಡೊ 1950ರ ದಶಕದ ಕೊನೆಗೆ ಇದೇ ಪಾಲಿಮರಿನಿಂದ ಕಾರ್ಬನ್ ಫೈಬರ್ ತಯಾರಿಸಿದಾಗ ಬೇಕಿದ್ದುದು ಗಟ್ಟಿತನ. ಸಾರಜನಕ ತೊಲಗಿದಷ್ಟೂ ಒಳ್ಳೆಯದಿತ್ತು. ಇಂದು ಇಂಧನಕೋಶ ಕಟ್ಟುವವರು ಅದು ಉಳಿಯಲಿ ಎಂದು ಬಯಸುತ್ತಾರೆ. ಕಾರಣ ಪ್ಲಾಟಿನಂ. ಇಂಧನಕೋಶದಲ್ಲಿ ಆಮ್ಲಜನಕ ಎಲೆಕ್ಟ್ರಾನುಗಳನ್ನು ಪಡೆಯುವ ಕ್ರಿಯೆ ತೀರಾ ಮಂದ. ಅದನ್ನು ಚುರುಕುಗೊಳಿಸುವ ವೇಗವರ್ಧಕವಾಗಿ ಆ ದುಬಾರಿ ಲೋಹ ಬೇಕು. ಸಾರಜನಕವಿರುವ ಇಂಗಾಲದ ನ್ಯಾನೊ ಕೊಳವೆಗಳು ಕ್ಷಾರೀಯ ದ್ರಾವಣದಲ್ಲಿ ಪ್ಲಾಟಿನಂ ಅನ್ನೂ ಮೀರಿಸಬಲ್ಲವು ಎಂದು 2009ರಲ್ಲಿ ಲಿಮಿಂಗ್ ದಾಯ್ ತಂಡ ತೋರಿಸಿದ ಮೇಲೆ ಎಲ್ಲರೂ ಇದರ ಬೆನ್ನುಬಿದ್ದರು. ಅದೇ ವರ್ಷ ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಪಾಲಿಮರಿನ ಗೊಡವೆಯಿಲ್ಲದೆ, ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಚಾಪ ಹಾಯಿಸಿ, ಸಾರಜನಕವುಳ್ಳ ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ಪಡೆದಿತ್ತು.

‘ನಮ್ಮದರಲ್ಲಿ ಇಷ್ಟು ಶೇಕಡಾ ಸಾರಜನಕ’ ಎಂದು ಬೀಗುವ ಚಟ ಆಮೇಲೆ ಬೆಳೆಯಿತು. ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಹಾಳೆಯ ನಡುವೆ ಮೂರು ಇಂಗಾಲಗಳಿಗೆ ಅಂಟಿದ ಸಾರಜನಕವೇ ಬೇರೆ, ಅಂಚಿನಲ್ಲಿ ಎರಡಕ್ಕಷ್ಟೇ ಅಂಟಿದ್ದು ಬೇರೆ. ಆಮ್ಲೀಯ ದ್ರಾವಣದಲ್ಲಿ ಕೆಲಸ ನಡೆಯುವುದು ಅಂಚಿನ ಸಾರಜನಕದ ಪಕ್ಕದ ಇಂಗಾಲದಲ್ಲಿ ಎಂದು ಜಪಾನಿನ ತ್ಸುಕುಬಾದ ಸಂಶೋಧಕರು 2016ರಲ್ಲಿ ಗುರುತಿಸಿದರು. 2020ರಲ್ಲಿ ಪ್ರಾಗ್‌ನ ಮಾರ್ಟಿನ್ ಪುಮೆರಾ ತಂಡವಂತೂ ಗ್ರಾಫೀನಿಗೆ ಹಕ್ಕಿಹಿಕ್ಕೆ ಸೇರಿಸಿ, ಅದೂ ವೇಗವರ್ಧಕವಾಗುತ್ತದೆಂದು ತೋರಿಸಿ, ಸಿಕ್ಕಿದ್ದನ್ನೆಲ್ಲ ಬೆರೆಸಿ ಪ್ರಬಂಧ ಬರೆಯುವವರಿಗೆ ಬಿಸಿ ಮುಟ್ಟಿಸಿತು. ಆ ಪೆಟ್ಟು ಬೇಕಿತ್ತು.

ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಅಮೆರಿಕದ ಲಾಸ್ ಅಲಮೋಸ್‌ನ ಕೆಲಸ. ಅಲ್ಲಿನವರು 2011ರಲ್ಲಿ ಪಾಲಿಅನಿಲೀನ್ ಎಂಬ ಇನ್ನೊಂದು ಸಾರಜನಕಭರಿತ ಪಾಲಿಮರಿಗೆ ಕಬ್ಬಿಣ, ಕೋಬಾಲ್ಟ್ ಬೆರೆಸಿ ಕಾಯಿಸಿದರು. ಆ ವಸ್ತು ಇಂಧನಕೋಶದಲ್ಲಿ 700 ಗಂಟೆ ದುಡಿಯಿತು. ಇಂಥ ವಸ್ತುಗಳಲ್ಲಿ ಒಂಟಿ ಕಬ್ಬಿಣದ ಪರಮಾಣುವನ್ನು ನಾಲ್ಕು ಸಾರಜನಕಗಳು ಸುತ್ತುವರಿದು ಹಿಡಿದಿರುವ ತಾಣಗಳೇ ನಿಜವಾದ ಕೆಲಸಗಾರರು ಎಂಬುದು ಈಗ ಬಹುಪಾಲು ಸಂಶೋಧಕರ ನಿಲುವು.