ಊರಿನ ಮಾತಲ್ಲಿ ಸಂಕಟ ಹೇಳಿಕೊಳ್ಳುವುದು

ಅಂಧೇರಿ ಪಶ್ಚಿಮದ ವೀರ ದೇಸಾಯಿ ರಸ್ತೆಯ ಆಸುಪಾಸಿನಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆ, ಕಾಲೇಜುಗಳಿವೆ. ಮಂಡಳಿ ಹುಟ್ಟಿದ್ದು 1902ರಲ್ಲಿ. ಕರಾವಳಿಯಿಂದ ಹೊಟ್ಟೆಪಾಡಿಗೆ ಬಂದವರು ಮುಂಬಯಿಯಲ್ಲಿ ಕಟ್ಟಿಕೊಂಡ ಸಂಸ್ಥೆಗಳಲ್ಲಿ ಇದೊಂದು. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್ ಇನ್ನೆರಡು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆ, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ, ಕಾಯಿಲೆ ಬಿದ್ದವರಿಗೆ ಕೈಲಾದ ನೆರವು, ಹೀಗೆ ಸರ್ಕಾರಕ್ಕೆ ಕಾಯದೆ ಒಬ್ಬರನ್ನೊಬ್ಬರು ಆತುಕೊಂಡ ಚರಿತ್ರೆ ಇವುಗಳದ್ದು. ಅಂಥ ಸಂಘಗಳ ಅಂಗಳದಲ್ಲೇ, ನಮ್ಮ ಭಾಷೆಯಲ್ಲೇ, ತರಬೇತಿ ಪಡೆದ ಸಾಮಾನ್ಯ ಜನರಿಂದ ಮನಸ್ಸಿನ ಆರೋಗ್ಯದ ಮೊದಲ ನೆರವು ಸಿಗಬೇಕು ಎಂಬುದು ನನ್ನ ವಾದ. ಭಾವುಕತೆಯಿಂದ ಹೀಗೆ ಹೇಳುತ್ತಿಲ್ಲ, ಅದಕ್ಕೆ ಗಟ್ಟಿ ಪುರಾವೆಗಳಿವೆ.

ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಹಳ್ಳಿಗಳಿಗಿಂತ ಹೆಚ್ಚು. ಚಿಕಿತ್ಸೆ ಬೇಕಿದ್ದೂ ಸಿಗದವರ ಪಾಲು ಬಹುಪಾಲು ಕಾಯಿಲೆಗಳಲ್ಲಿ ಶೇ. 70ಕ್ಕಿಂತ ಮೇಲಿತ್ತು. ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ ಆ ಹನ್ನೆರಡರಲ್ಲಿ ಇರಲಿಲ್ಲವಾದ್ದರಿಂದ ಈ ಅಂಕಿಗಳನ್ನು ಅಂಧೇರಿಗೆ ಹಾಗೆಯೇ ಅಂಟಿಸಬಾರದು. ಆದರೂ ಅವು ತೋರುವ ದಿಕ್ಕು ಸ್ಪಷ್ಟ. ಅಂಧೇರಿಯವರಿಗೆ ಆಸ್ಪತ್ರೆಯೇನೂ ದೂರವಿಲ್ಲ, ಪಕ್ಕದ ಜುಹೂನಲ್ಲೇ ಪಾಲಿಕೆಯ ಕೂಪರ್ ಆಸ್ಪತ್ರೆಯಿದೆ, ಅಲ್ಲಿ ಮನೋರೋಗ ವಿಭಾಗವೂ ಇದೆ. ಆದರೆ ನಿದ್ದೆ ಬಾರದ, ಊಟ ಸೇರದ, ಕೆಲಸಕ್ಕೆ ಏಳಲಾಗದ ಮನುಷ್ಯ ತನಗೇನಾಗಿದೆ ಎಂದು ಯಾರ ಬಳಿಯೂ ಬಾಯಿಬಿಡದಿದ್ದರೆ ಆ ಹತ್ತಿರವೂ ದೂರವೇ.

ಹತ್ತು ವರ್ಷ ಮುಂಬಯಿಯಲ್ಲಿದ್ದವರಿಗೆ ಹಿಂದಿ ಬರುತ್ತದೆ, ಮರಾಠಿಯೂ ಬರುತ್ತದೆ, ಮತ್ತೇಕೆ ಕನ್ನಡ, ತುಳುವಿನ ಹಟ ಎಂದು ಯಾರಾದರೂ ಕೇಳಬಹುದು. ವ್ಯವಹಾರಕ್ಕೆ ಸಾಲುವ ಭಾಷೆ ಸಂಕಟಕ್ಕೂ ಸಾಲಬೇಕೆಂದಿಲ್ಲ. ಟರ್ಕಿಷ್ ಮಾತೃಭಾಷೆಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆದರು. ಉದ್ವೇಗವಾದಾಗ ನಮಗೇ ಗೊತ್ತಾಗದಷ್ಟು ಬೆವರು ಒಸರಿ ಈ ವಾಹಕತೆ ಏರುತ್ತದೆ. ಮಕ್ಕಳನ್ನು ಗದರಿಸುವ ಮಾತುಗಳನ್ನು ಕೇಳಿಸಿದಾಗ ಟರ್ಕಿಷ್‌ನಲ್ಲಿ ಏರಿದಷ್ಟು ಅದು ಇಂಗ್ಲಿಷಿನಲ್ಲಿ ಏರಲಿಲ್ಲ. ಭಯ, ನಾಚಿಕೆ, ಅಕ್ಕರೆಗಳ ಜೊತೆಜೊತೆಗೇ ಕಲಿತ ಭಾಷೆ ದೇಹದಲ್ಲೂ ಬೇರು ಬಿಟ್ಟಿರುತ್ತದೆ ಎಂದು ಇದನ್ನು ಅರ್ಥೈಸುತ್ತಾರೆ. ಚಿಕಿತ್ಸೆಗೂ ಈ ಮಾತು ಸಲ್ಲುತ್ತದೆಯೇ? 76 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಇಂಗ್ಲಿಷೇತರರಿಗೆ ಅವರದೇ ಭಾಷೆಯಲ್ಲಿ ನೀಡಿದ ಮಾನಸಿಕ ನೆರವು ಇಂಗ್ಲಿಷಿನಲ್ಲಿ ನೀಡಿದ್ದಕ್ಕಿಂತ ಎರಡು ಪಟ್ಟು ಪರಿಣಾಮಕಾರಿಯಾಗಿತ್ತು. ಅವು ಹೆಚ್ಚಾಗಿ ಅಮೆರಿಕದ ಅಲ್ಪಸಂಖ್ಯಾತರ ಮೇಲಿನ ಅಧ್ಯಯನಗಳು ಎಂಬುದನ್ನು ಮರೆಯಬಾರದು. ಮನೆಮಾತಿನಲ್ಲಿ ಆಡಲಾಗದ ಅವಮಾನವನ್ನು ಪರಭಾಷೆಯ ಮರೆಯಲ್ಲಿ ಹೇಳಿಬಿಡುವವರೂ ಇದ್ದಾರೆ. ಭಾಷೆಯ ಆಯ್ಕೆ ನೊಂದವರದ್ದಾಗಿರಲಿ, ಆದರೆ ಆಯ್ಕೆಯೆಂಬುದು ಇರಲಿ.

ಇನ್ನು ತಜ್ಞರಲ್ಲದವರಿಂದ ಏನಾದೀತು ಎಂಬ ಪ್ರಶ್ನೆ. ಇದಕ್ಕೆ ಉತ್ತರ ನೆರೆಯ ಗೋವಾದಲ್ಲಿದೆ. ಅಲ್ಲಿನ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ಖಿನ್ನತೆ ಸಾಕಷ್ಟು ತೀವ್ರವಾಗಿದ್ದ 495 ಮಂದಿಯನ್ನು ಎರಡು ಗುಂಪು ಮಾಡಿತು. ಎರಡೂ ಗುಂಪಿಗೆ ವೈದ್ಯರ ಆರೈಕೆ ಸಿಕ್ಕಿತು. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ಸ್ಥಳೀಯ ಆಪ್ತಸಲಹೆಗಾರರು ಆರರಿಂದ ಎಂಟು ಸಲ ಮಾತಾಡಿದರು. ಇವರಿಗೆ ಮನೋವೈದ್ಯಕೀಯದ ಪದವಿ ಇರಲಿಲ್ಲ, ಅಚ್ಚುಕಟ್ಟಾದ ತರಬೇತಿ ಮತ್ತು ಮೇಲುಸ್ತುವಾರಿ ಇತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದವರು ವೈದ್ಯರ ಆರೈಕೆಯಷ್ಟೇ ಸಿಕ್ಕ ಗುಂಪಿನಲ್ಲಿ ಶೇ. 39, ಮಾತುಕತೆ ಸೇರಿದ ಗುಂಪಿನಲ್ಲಿ ಶೇ. 64. ಮಾಡಿದ್ದಾದರೂ ಏನು? ಖಿನ್ನತೆಯಲ್ಲಿರುವವರು ಜನರಿಂದ, ಕೆಲಸದಿಂದ, ಇಷ್ಟದ ಸಂಗತಿಗಳಿಂದ ಹಿಂದೆ ಸರಿಯುತ್ತಾರೆ. ಸರಿದಷ್ಟೂ ಸಂತೋಷದ, ನೆಮ್ಮದಿಯ ಗಳಿಗೆಗಳು ಕಡಿಮೆಯಾಗುತ್ತವೆ, ಮನಸ್ಸು ಇನ್ನಷ್ಟು ಕುಸಿಯುತ್ತದೆ. ಉತ್ಸಾಹ ಮರಳಲೆಂದು ಕಾಯದೆ, ದಿನಕ್ಕೊಂದು ಪುಟ್ಟ ಕೆಲಸವನ್ನು ಮೊದಲೇ ಗೊತ್ತುಮಾಡಿಕೊಂಡು ಮಾಡಿಸುವುದು ಈ ಸುತ್ತನ್ನು ಮುರಿಯುವ ದಾರಿ. ಸಂಜೆ ಅರ್ಧ ಗಂಟೆ ನಡೆಯುವುದು, ಬಿಟ್ಟುಹೋದ ಭಜನೆಗೆ ಮತ್ತೆ ಹೋಗುವುದು, ತಂಗಿಗೆ ಫೋನ್ ಮಾಡುವುದು, ಇಂಥವು. ಯಕ್ಷಗಾನ, ಭಜನಾ ಮಂಡಳಿ, ವಾರ್ಷಿಕೋತ್ಸವಗಳಿರುವ ಮುಂಬಯಿ ಕನ್ನಡಿಗರಿಗೆ ಇದಕ್ಕೆ ಬೇಕಾದ ಸಲಕರಣೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

ನನ್ನ ವಾದಕ್ಕೆ ಬಲವಾದ ಆಕ್ಷೇಪ ಬೇರೆಯೇ. ಸಂಘದಲ್ಲಿ ಹೇಳಿದ್ದು ಸಂಜೆಯೊಳಗೆ ಊರು ಮುಟ್ಟಿದರೆ? ಮಗಳ ಮದುವೆ ಮಾತುಕತೆಗೆ ಅಡ್ಡಬಂದರೆ? ಈ ಭಯ ಸುಳ್ಳಲ್ಲ. ಆಪ್ತತೆ ಎಷ್ಟು ದಟ್ಟವೋ ಗುಟ್ಟು ಕಾಯುವುದು ಅಷ್ಟು ಕಷ್ಟ. ಆದ್ದರಿಂದ ಕೇಳಿಸಿಕೊಳ್ಳುವವರು ಪದಾಧಿಕಾರಿಗಳಾಗಿರಬಾರದು, ಬೇರೆ ಬಡಾವಣೆಯವರಾದರೆ ಒಳ್ಳೆಯದು, ಗುಟ್ಟು ಬಿಟ್ಟುಕೊಟ್ಟವರನ್ನು ಕೆಲಸದಿಂದ ತೆಗೆಯುವ ಕಟ್ಟುನಿಟ್ಟಿರಬೇಕು. ಮುಖವನ್ನೇ ತೋರಿಸಲೊಲ್ಲದವರಿಗೆ ಟೆಲಿ ಮಾನಸ್ ಇದೆ; 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416, ಹಗಲೂ ರಾತ್ರಿ ಉಚಿತ, ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಬಾಡಿಗೆ, ಸಾಲ, ಹೋದ ಕೆಲಸ ಇವೇ ಸಂಕಟದ ಮೂಲವಾಗಿರುವಾಗ ಮಾತಿನಿಂದೇನು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಸಂಘಗಳೇ ಏಕೆ ಎಂಬುದಕ್ಕೆ ಇದೂ ಒಂದು ಕಾರಣ: ಕೇಳಿಸಿಕೊಂಡವರೇ ಮರುದಿನ ಶಾಲಾ ಶುಲ್ಕಕ್ಕೋ ಕೆಲಸಕ್ಕೋ ದಾರಿ ತೋರಬಲ್ಲ ಜಾಗ ಅದು.

ಭ್ರಮೆ, ಇಲ್ಲದ ದನಿ ಕೇಳಿಸುವುದು, ದಿನಗಟ್ಟಲೆ ಅನ್ನ ನಿದ್ದೆ ಬಿಡುವುದು ಇವೆಲ್ಲ ನೇರವಾಗಿ ಮನೋವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು. ಇವನ್ನು ಗುರುತಿಸಿ ಜೊತೆಗೇ ಆಸ್ಪತ್ರೆಗೆ ಹೋಗುವುದು ತರಬೇತಿಯ ಮೊದಲ ಪಾಠವಾಗಬೇಕು. ಎರಡನೆಯದು, ಸಾಯುವ ಯೋಚನೆ ಬರುತ್ತಿದೆಯೇ ಎಂದು ಸಂಕೋಚವಿಲ್ಲದೆ ಕೇಳುವುದು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಅನೇಕರು ಹೆದರುತ್ತಾರೆ; ಈ ಬಗ್ಗೆ ನಡೆದ ಸಂಶೋಧನೆಗಳು ಆ ಹೆದರಿಕೆಯನ್ನು ಸಮರ್ಥಿಸಿಲ್ಲ. ಪೊಲೀಸರ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.