ಒಂದೇ ಸೀಟು, ಇಬ್ಬರು ಜನ: ಲೊಕೇಶನ್ ನೋಡಿ ಡೇಟಾಬೇಸ್ ಬದಲಿಸುವಾಗ ನಾನು ಮಾಡಿದ ತಪ್ಪು

ಕಳೆದ ವರ್ಷ ನಮ್ಮ ಸಂಘದ ನಾಟಕಕ್ಕೆ ಸೀಟ್ ಬುಕ್ ಮಾಡೋ ವೆಬ್‌ಸೈಟ್ ಬರೆದಿದ್ದು ನಾನೇ. ಕಲ್ಯಾಣ ನಗರದ ನಮ್ಮ ಮನೆಯಲ್ಲಿ ಕೂತು ಎರಡು ವೀಕೆಂಡ್ ಕೋಡ್ ಮಾಡಿದ್ದೆ. ನಾಟಕದ ದಿನ ಒಂದೇ ಸೀಟಿಗೆ ಇಬ್ಬರು ಬಂದರು. ಅವರಲ್ಲಿ ಒಬ್ಬರು ಅಮೆರಿಕದಲ್ಲಿರುವ ನಮ್ಮ ಸೀನಿಯರ್ ಒಬ್ಬರ ತಾಯಿ. ಮಗ ಅಲ್ಲಿಂದಲೇ ಬುಕ್ ಮಾಡಿದ್ದರು. ತುಮಕೂರಿಂದ ಬಸ್ಸಲ್ಲಿ ಬಂದಿದ್ದ ಅಮ್ಮ ಅರ್ಧ ನಾಟಕ ನಿಂತೇ ನೋಡಿದರು. ತಪ್ಪು ನಂದೇ. ಅದು ಹೇಗಾಯ್ತು ಅಂತ ಹೇಳ್ತೀನಿ.

ಮೊದಲು ದೂರದ ಲೆಕ್ಕ. ಫೈಬರ್ ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತೆ. ಬೆಂಗಳೂರಿನಿಂದ ಮುಂಬೈ ನೇರವಾಗಿ ಸುಮಾರು 850 ಕಿ.ಮೀ. ಹೋಗಿ ಬರೋಕೆ ಕಡಿಮೆ ಅಂದ್ರೂ 8.5 ಮಿಲಿಸೆಕೆಂಡ್ ಬೇಕು. ಅಮೆರಿಕದ ವರ್ಜೀನಿಯಾ ಸುಮಾರು 13,700 ಕಿ.ಮೀ., ಅಂದ್ರೆ 137 ಮಿಲಿಸೆಕೆಂಡ್. ಕೇಬಲ್ ಸುತ್ತಿ ಬಳಸಿ ಹೋಗೋದ್ರಿಂದ ನಿಜವಾಗಿ ಇನ್ನೂ ಜಾಸ್ತಿ. ಒಂದು ಪುಟಕ್ಕೆ ಒಂದಾದ ಮೇಲೊಂದು 10 ಕ್ವೆರಿ ಬೇಕಿದ್ರೆ ಒಂದೂವರೆ ಸೆಕೆಂಡ್ ಬರೀ ದಾರಿಯಲ್ಲೇ ಹೋಯ್ತು!

ಅದಕ್ಕೇ ಮುಂಬೈಯಲ್ಲಿ ಮೂಲ ಡೇಟಾಬೇಸ್, ವರ್ಜೀನಿಯಾದಲ್ಲಿ ಅದರ ನಕಲು, ಅಂದ್ರೆ ರೆಪ್ಲಿಕಾ ಇಟ್ಟೆ. ಎರಡೂ ಕಡೆ ಒಂದೊಂದು ಆ್ಯಪ್ ಸರ್ವರ್. ಐಪಿ ವಿಳಾಸದಿಂದ ಬಳಕೆದಾರರ ದೇಶ ತಿಳ್ಕೊಂಡು ಹತ್ತಿರದ ಸರ್ವರ್‌ಗೆ ಕಳಿಸೋದು, ಅದು ಪಕ್ಕದ ಡೇಟಾಬೇಸ್ ಓದೋದು. ರೆಪ್ಲಿಕಾದಲ್ಲಿ ಬರೆಯೋಕೆ ಆಗಲ್ಲ, ಹಾಗಾಗಿ ಬುಕಿಂಗ್ ಮಾತ್ರ ಎಲ್ಲರದ್ದೂ ಮುಂಬೈಗೆ.

ರೆಪ್ಲಿಕಾ ಅಂದ್ರೆ ನೋಟ್ಸಿನ ಜೆರಾಕ್ಸ್ ಇದ್ದ ಹಾಗೆ. ಮೂಲದಲ್ಲಿ ಈಗಷ್ಟೇ ಬರೆದಿದ್ದು ಜೆರಾಕ್ಸ್‌ನಲ್ಲಿ ಇರಲ್ಲ. ಅವತ್ತು ನನ್ನ ರೆಪ್ಲಿಕಾ ಕೆಲವು ಸೆಕೆಂಡ್ ಹಿಂದಿತ್ತು. ಅಷ್ಟರಲ್ಲಿ ಇಲ್ಲಿ ಒಬ್ಬರು ಆ ಸೀಟ್ ತಗೊಂಡಿದ್ದರು, ಅಲ್ಲಿ ಅದು ಇನ್ನೂ ಖಾಲಿ ಅಂತಲೇ ತೋರಿಸ್ತು. ಆ ಉತ್ತರ ನಂಬಿಕೊಂಡು ನನ್ನ ಕೋಡ್ ಮತ್ತೆ ಚೆಕ್ ಮಾಡದೇ ಮುಂಬೈಯಲ್ಲಿ ಎರಡನೇ ಬುಕಿಂಗ್ ಬರೆದುಬಿಡ್ತು.

ಈಗ ಸರಿ ಮಾಡಿರೋದು ಹೀಗೆ:

1. ಸೀಟ್ ಪಟ್ಟಿ ನೋಡೋಕೆ ಹತ್ತಿರದ ರೆಪ್ಲಿಕಾ ಸಾಕು. ಬುಕ್ ಒತ್ತಿದ ಮೇಲೆ ಚೆಕ್ ಮಾಡೋದು, ಬರೆಯೋದು ಎರಡೂ ಮೂಲದಲ್ಲೇ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ.

2. ದಿನಾಂಕ ಮತ್ತು ಸೀಟ್ ನಂಬರ್ ಎರಡಕ್ಕೂ ಸೇರಿಸಿ ಯೂನಿಕ್ ಕನ್‌ಸ್ಟ್ರೇಂಟ್. ನನ್ನ ಕೋಡ್ ತಪ್ಪಿದ್ರೂ ಎರಡನೇ ಬುಕಿಂಗನ್ನು ಡೇಟಾಬೇಸೇ ಒಪ್ಪಲ್ಲ.

3. ಬುಕ್ ಮಾಡಿದವರಿಗೆ ಸ್ವಲ್ಪ ಹೊತ್ತು ಮೂಲದಿಂದಲೇ ಓದಿಸೋದು. ಇಲ್ಲಾಂದ್ರೆ ತಮ್ಮ ಟಿಕೆಟ್ ಕಾಣದೇ ಮತ್ತೆ ಬುಕ್ ಮಾಡ್ತಾರೆ.

ಇನ್ನೊಂದು ಮಾತು. ವಿಪಿಎನ್ ಹಾಕಿದ್ರೆ ಕಲ್ಯಾಣ ನಗರದಲ್ಲಿ ಕೂತವರೂ ಐಪಿ ಪ್ರಕಾರ ಅಮೆರಿಕದವರಾಗ್ತಾರೆ. ಆಗ ಪುಟ ನಿಧಾನ ಆದ್ರೆ ಪರವಾಗಿಲ್ಲ, ಸೀಟ್ ತಪ್ಪಬಾರದು. ಹಾಗಾಗಿ ಲೊಕೇಶನನ್ನು ವೇಗಕ್ಕೆ ಮಾತ್ರ ಬಳಸಿ. ಯಾವ ಸೀಟ್ ಯಾರದ್ದು ಅನ್ನೋದನ್ನ ಮೂಲ ಡೇಟಾಬೇಸ್ ಹೇಳಲಿ.

ಈ ವರ್ಷದ ನಾಟಕಕ್ಕೆ ಮೊದಲ ಬುಕಿಂಗ್ ನಾನೇ ಮಾಡಿದ್ದೀನಿ, ಆ ಅಮ್ಮನ ಹೆಸರಲ್ಲಿ. ಮುಂಬೈಯಲ್ಲೂ ವರ್ಜೀನಿಯಾದಲ್ಲೂ ಎರಡೆರಡು ಸಲ ನೋಡಿದೆ. ಇದೆ.